ಪ್ರಾಸ್ಟೇಟ್ ಕ್ಯಾನ್ಸರ್: ಚಿಕಿತ್ಸೆಗೆ ಅವಸರವಿದೆಯೆ?

'ಆರಂಭದಲ್ಲೇ ಪತ್ತೆ, ಕೂಡಲೆ ಚಿಕಿತ್ಸೆ' - ಕ್ಯಾನ್ಸರ್ ಕುರಿತು ನಾವು ಶಾಲೆಗಳಲ್ಲಿ ಹೇಳಿಕೊಡುವ ಪಾಠದ ಸಾರ ಇಷ್ಟೇ. ಬಾಯಿ, ಗರ್ಭಕೊರಳು, ಸ್ತನಗಳ ಕ್ಯಾನ್ಸರಿನ ಮಟ್ಟಿಗೆ ಈ ಮಾತು ಸರಿಯಾದದ್ದೇ. ಹಾಗಿರುವಾಗ, 72 ವರ್ಷ ವಯಸ್ಸಿನ ನಿವೃತ್ತ ಶಿಕ್ಷಕರೊಬ್ಬರ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೆಂದು ಖಚಿತವಾದ ಮೇಲೂ ಮೂತ್ರರೋಗ ತಜ್ಞರು "ಸದ್ಯಕ್ಕೆ ಆಪರೇಷನ್ ಬೇಡ ಮೇಷ್ಟ್ರೆ, ಆರು ತಿಂಗಳಿಗೊಮ್ಮೆ ಬಂದು ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋಗಿ" ಎಂದರೆ ಮನೆಯಲ್ಲಿ ಏನಾಗಬಹುದು, ಊಹಿಸಿ. ಮಕ್ಕಳು ಗಾಬರಿಯಾಗುತ್ತಾರೆ. ವಯಸ್ಸಾಯಿತೆಂದು ಅಪ್ಪನನ್ನು ಕೈಬಿಟ್ಟರೇನೋ ಎಂದು ಶಂಕಿಸುತ್ತಾರೆ. ಮರುದಿನವೇ ಇನ್ನೊಂದು ಆಸ್ಪತ್ರೆಯ ಬಾಗಿಲು ತಟ್ಟುತ್ತಾರೆ.

ವೈದ್ಯರ ಆ ಮಾತು ಅಲಕ್ಷ್ಯದ್ದಲ್ಲ. ಅದರ ಹಿಂದೆ ಹಲವು ದಶಕಗಳ ವೀಕ್ಷಣೆ ಇದೆ, ಸಾವಿರಾರು ರೋಗಿಗಳು ಭಾಗವಹಿಸಿದ ಪ್ರಯೋಗಗಳಿವೆ. ಹಾಗೆಂದು ಅದು ಪ್ರಾಸ್ಟೇಟ್ ಕ್ಯಾನ್ಸರಿನ ಎಲ್ಲ ರೋಗಿಗಳಿಗೂ ಅನ್ವಯಿಸುವ ಮಾತಲ್ಲ. ಯಾರು ಕಾಯಬಹುದು, ಯಾರು ಕಾಯಬಾರದು, ಇವೆರಡರ ನಡುವಿನ ಗೆರೆಯನ್ನು ವೈದ್ಯ ವಿಜ್ಞಾನ ಹೇಗೆ ಎಳೆಯಿತು ಎಂಬುದನ್ನು ನೋಡೋಣ.

ಗ್ರಂಥಿ ಮತ್ತು ಅದರ ಪ್ರೋಟೀನು

ಪ್ರಾಸ್ಟೇಟ್ ಗ್ರಂಥಿ ಪುರುಷರಲ್ಲಿ ಮಾತ್ರ ಇರುತ್ತದೆ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರ ಹೊರಹೋಗುವ ನಾಳವನ್ನು ಸುತ್ತುವರಿದು ಕುಳಿತಿರುವ ಈ ಗ್ರಂಥಿ ಯುವಕರಲ್ಲಿ ಅಕ್ರೋಟು ಕಾಯಿಯಷ್ಟು ದೊಡ್ಡದು, ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವಭಾಗದ ಒಂದು ಪಾಲು ಇಲ್ಲಿ ತಯಾರಾಗುತ್ತದೆ. ಐವತ್ತು ದಾಟಿದವರಲ್ಲಿ ಗ್ರಂಥಿ ಮೆಲ್ಲನೆ ಊದಿಕೊಳ್ಳುವುದು ಸಾಮಾನ್ಯ. ಮೂತ್ರದ ಧಾರೆ ಸಣ್ಣದಾಗುವುದು, ರಾತ್ರಿ ಮೂರು ನಾಲ್ಕು ಬಾರಿ ಏಳಬೇಕಾಗುವುದು ಹೆಚ್ಚಾಗಿ ಈ ನಿರಪಾಯಕಾರಿ ಊತದಿಂದ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರಾಗಿ ತಿರುಗುವಂಥದ್ದೂ ಅಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಬಹುಪಾಲು ಗ್ರಂಥಿಯ ಹೊರ ಅಂಚಿನಲ್ಲಿ, ಮೂತ್ರನಾಳದಿಂದ ದೂರದಲ್ಲಿ ಹುಟ್ಟುತ್ತದೆ. ಆದ್ದರಿಂದಲೇ ಆರಂಭದಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ.

ಲಕ್ಷಣಗಳಿಲ್ಲದ ಈ ರೋಗವನ್ನು ಬೆಳಕಿಗೆ ತಂದದ್ದು ಒಂದು ರಕ್ತ ಪರೀಕ್ಷೆ. ಪ್ರಾಸ್ಟೇಟಿನ ಜೀವಕೋಶಗಳು ಪಿಎಸ್‌ಎ ಎಂಬ ಪ್ರೋಟೀನನ್ನು ತಯಾರಿಸುತ್ತವೆ. ಅದು ಒಂದು ಕಿಣ್ವ. ಹೆಪ್ಪುಗಟ್ಟಿದ ವೀರ್ಯವನ್ನು ತೆಳುಮಾಡಿ ವೀರ್ಯಾಣುಗಳು ಈಜಲು ಅನುವು ಮಾಡಿಕೊಡುವುದು ಅದರ ಕೆಲಸ. ಅದರಲ್ಲಿ ಅತ್ಯಲ್ಪ ಅಂಶ ರಕ್ತಕ್ಕೆ ಸೋರುತ್ತದೆ. ಗ್ರಂಥಿಯ ಒಳರಚನೆ ಕೆಟ್ಟಾಗ ಸೋರಿಕೆ ಹೆಚ್ಚುತ್ತದೆ. ಅಮೆರಿಕದಲ್ಲಿ ಈ ಪರೀಕ್ಷೆಗೆ 1986ರಲ್ಲಿ ಮನ್ನಣೆ ದೊರೆತದ್ದು ಈಗಾಗಲೇ ಕ್ಯಾನ್ಸರ್ ಇರುವವರ ಮೇಲೆ ಕಣ್ಣಿಡುವುದಕ್ಕೆ. ರೋಗವನ್ನು ಪತ್ತೆಮಾಡಲು ನೆರವಾಗುವ ಪರೀಕ್ಷೆಯೆಂದು ಮನ್ನಣೆ ಸಿಕ್ಕಿದ್ದು 1994ರಲ್ಲಿ. ಅಷ್ಟರೊಳಗೆ ವೈದ್ಯರು ಅದನ್ನು ಆರೋಗ್ಯವಂತರ ಮೇಲೂ ಧಾರಾಳವಾಗಿ ಪ್ರಯೋಗಿಸತೊಡಗಿದ್ದರು. ಪತ್ತೆಯಾಗುವ ಪ್ರಕರಣಗಳ ಪ್ರಮಾಣ ಅಲ್ಲಿ 1980ರ ದಶಕದ ಕೊನೆಯಿಂದ ಏರುತ್ತ ಹೋಗಿ 1992ರ ಸುಮಾರಿಗೆ ತುದಿ ಮುಟ್ಟಿತು.

ಮಿಲಿಲೀಟರ್ ರಕ್ತಕ್ಕೆ 4 ನ್ಯಾನೋಗ್ರಾಂ ಎಂಬುದನ್ನು ಬಹುಕಾಲ ಗಡಿಯೆಂದು ಬಳಸಲಾಯಿತು. ಆದರೆ ಪಿಎಸ್‌ಎ ಎಂಬುದು ಪ್ರಾಸ್ಟೇಟಿನ ಗುರುತು, ಕ್ಯಾನ್ಸರಿನ ಗುರುತಲ್ಲ. ನಿರಪಾಯಕಾರಿ ಊತ, ಸೋಂಕು, ಮೂತ್ರಕ್ಕೆ ಹಾಕಿದ ಕೊಳವೆ ಇವೆಲ್ಲವೂ ಅದನ್ನು ಏರಿಸುತ್ತವೆ. 4ರಿಂದ 10ರ ನಡುವೆ ಇರುವವರಲ್ಲಿ ಅಂಗಾಂಶ ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಕಾಣುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಇನ್ನೊಂದು ಬದಿಯಲ್ಲಿ, 4ಕ್ಕಿಂತ ಕಡಿಮೆ ಇದ್ದವರೆಲ್ಲ ಸುರಕ್ಷಿತರೆನ್ನುವಂತೆಯೂ ಇಲ್ಲ. ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಪಿಎಸ್‌ಎ 4ನ್ನು ಮೀರದಿದ್ದ 2,950 ಪುರುಷರ ಗ್ರಂಥಿಗಳಿಂದ ಅಂಗಾಂಶ ತೆಗೆದು ನೋಡಿದರು. ಅವರಲ್ಲಿ ಶೇ. 15 ಮಂದಿಗೆ ಕ್ಯಾನ್ಸರ್ ಇತ್ತು. 2004ರಲ್ಲಿ ಪ್ರಕಟವಾದ ಈ ಫಲಿತಾಂಶ ಹಲವರನ್ನು ಕಂಗೆಡಿಸಿತು. ಹುಡುಕಿದಷ್ಟೂ ಸಿಗುವ ಕ್ಯಾನ್ಸರ್ ಇದೆಂಥದು?

ಶವಪರೀಕ್ಷೆ ಹೇಳಿದ್ದು

ಈ ಪ್ರಶ್ನೆಗೆ ಉತ್ತರ ಪಿಎಸ್‌ಎ ಬರುವುದಕ್ಕೆ ಬಹಳ ಮೊದಲೇ ಶವಪರೀಕ್ಷೆಯ ಮೇಜಿನ ಮೇಲೆ ದೊರಕಿತ್ತು. ಅಪಘಾತದಲ್ಲೋ ಹೃದ್ರೋಗದಲ್ಲೋ ಸತ್ತ ಪುರುಷರ ಪ್ರಾಸ್ಟೇಟನ್ನು ಸೀಳಿ ನೋಡಿದ ರೋಗಶಾಸ್ತ್ರಜ್ಞರಿಗೆ ಅವುಗಳಲ್ಲಿ ಸಣ್ಣ ಸಣ್ಣ ಕ್ಯಾನ್ಸರ್‌ಗಳು ಮತ್ತೆ ಮತ್ತೆ ಕಾಣಿಸಿದವು. ಬದುಕಿದ್ದಾಗ ಆ ವ್ಯಕ್ತಿಗಳಿಗೆ ಅದರ ಸುಳಿವೂ ಇರಲಿಲ್ಲ. ಹಲವು ದೇಶಗಳ ಇಂಥ ಶವಪರೀಕ್ಷಾ ವರದಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದರ ಅಂದಾಜಿನಂತೆ, ಮೂವತ್ತರೊಳಗಿನವರಲ್ಲಿ ಶೇ. 5ರಷ್ಟು ಮಂದಿಯಲ್ಲೂ ಎಂಬತ್ತರ ಆಸುಪಾಸಿನಿಂದ ಮೇಲ್ಪಟ್ಟವರಲ್ಲಿ ಶೇ. 59ರಷ್ಟು ಮಂದಿಯಲ್ಲೂ ಅಡಗಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುತ್ತದೆ. ಅಂದರೆ ಎಂಬತ್ತು ದಾಟಿದ ಅಜ್ಜಂದಿರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅದನ್ನು ಹೊತ್ತುಕೊಂಡೇ, ಅದರ ಅರಿವಿಲ್ಲದೆ, ಬೇರಾವುದೋ ಕಾರಣದಿಂದ ಕಣ್ಣುಮುಚ್ಚುತ್ತಾರೆ.

ಇನ್ನೊಂದೆಡೆ ಇದೇ ಹೆಸರಿನ ರೋಗ ಮೂಳೆಗಳಿಗೆ ಹರಡಿ, ಬೆನ್ನುಹುರಿಯನ್ನು ಅದುಮಿ, ಬಹಳ ನೋವಿನ ಸಾವನ್ನು ತರುವುದೂ ಉಂಟು. ನ್ಯೂಯಾರ್ಕಿನ ಪ್ರಸಿದ್ಧ ಮೂತ್ರರೋಗ ತಜ್ಞ ವಿಲೆಟ್ ವಿಟ್‌ಮೋರ್ ಈ ಇಕ್ಕಟ್ಟನ್ನು ಒಂದು ಪ್ರಶ್ನೆಯಾಗಿ ಮುಂದಿಟ್ಟಿದ್ದರು. ಗುಣಪಡಿಸುವುದು ಯಾರಿಗೆ ಅಗತ್ಯವೋ ಅವರನ್ನು ಗುಣಪಡಿಸಲು ನಮ್ಮಿಂದ ಆಗುತ್ತದೆಯೆ? ಯಾರನ್ನು ಗುಣಪಡಿಸಲು ಆಗುತ್ತದೆಯೋ ಅವರಿಗೆ ಅದರ ಅಗತ್ಯವಿದೆಯೆ? ಈ ಪ್ರಶ್ನೆ ಎತ್ತಿದ ವಿಟ್‌ಮೋರ್ 1995ರಲ್ಲಿ ತೀರಿಕೊಂಡದ್ದು ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ.

ಸಾಧುವನ್ನೂ ಉಗ್ರವನ್ನೂ ಬೇರ್ಪಡಿಸುವ ದಾರಿಯನ್ನು ತೋರಿಸಿದವರು ಅಮೆರಿಕದ ಮಿನಿಯಾಪೊಲಿಸ್‌ನ ಮಾಜಿ ಸೈನಿಕರ ಆಸ್ಪತ್ರೆಯ ರೋಗಶಾಸ್ತ್ರಜ್ಞ ಡೊನಾಲ್ಡ್ ಗ್ಲೀಸನ್. 1966ರಲ್ಲಿ ಅವರು ಮುಂದಿಟ್ಟ ಪದ್ಧತಿ ಸರಳ. ಸೂಕ್ಷ್ಮದರ್ಶಕದಲ್ಲಿ ಒಂದೊಂದು ಜೀವಕೋಶವನ್ನೂ ಪರಿಶೀಲಿಸುವ ಬದಲು, ಕೋಶಗಳು ಸೇರಿ ರೂಪಿಸಿರುವ ವಿನ್ಯಾಸವನ್ನು ನೋಡುವುದು. ಸಹಜ ಗ್ರಂಥಿಯನ್ನು ಬಹಳಷ್ಟು ಹೋಲುವ ವಿನ್ಯಾಸಕ್ಕೆ 1, ಯಾವ ರೂಪವೂ ಇಲ್ಲದೆ ಚೆಲ್ಲಾಪಿಲ್ಲಿಯಾಗಿರುವುದಕ್ಕೆ 5. ಒಂದೇ ಗಂತಿಯಲ್ಲಿ ಎರಡು ವಿನ್ಯಾಸಗಳು ಇರುವುದರಿಂದ ಪ್ರಮುಖವಾದ ಎರಡರ ಅಂಕಗಳನ್ನು ಕೂಡಿಸಬೇಕು. ಈಗಿನ ರೂಢಿಯಲ್ಲಿ ಸೂಜಿಯಿಂದ ತೆಗೆದ ಅಂಗಾಂಶಕ್ಕೆ 3ಕ್ಕಿಂತ ಕಡಿಮೆ ಅಂಕ ಕೊಡುವುದೇ ಇಲ್ಲವಾದ್ದರಿಂದ ಅತಿ ಸೌಮ್ಯ ಕ್ಯಾನ್ಸರಿನ ಮೊತ್ತ 3+3=6, ಅತಿ ಉಗ್ರವಾದದ್ದು 10. 'ಹತ್ತಕ್ಕೆ ಆರು' ಎಂದು ಕೇಳಿದ ರೋಗಿ ತನ್ನದು ಮಧ್ಯಮ ದರ್ಜೆಯದೆಂದು ಹೆದರುವುದು ಸಹಜ. ಈ ಗೊಂದಲ ತಪ್ಪಿಸಲೆಂದೇ 2014ರ ನಂತರ 1ರಿಂದ 5ರವರೆಗಿನ ದರ್ಜೆ ಗುಂಪುಗಳು ಬಳಕೆಗೆ ಬಂದವು. ಗ್ಲೀಸನ್ 6 ಎಂದರೆ ಮೊದಲನೆಯ ಗುಂಪು. ಅಪ್ಪಟ ಗ್ಲೀಸನ್ 6 ಗಂತಿಗಳು ದೇಹದ ಬೇರೆ ಭಾಗಗಳಿಗೆ ಹರಡುವುದು ತೀರ ಅಪರೂಪ. ಹಾಗಾದರೆ ಅದನ್ನು ಕ್ಯಾನ್ಸರ್ ಎಂದು ಕರೆಯುವುದಾದರೂ ಏಕೆ ಎಂದು 2022ರಲ್ಲಿ ಕೆಲವು ತಜ್ಞರು ವೈದ್ಯ ಪತ್ರಿಕೆಯೊಂದರಲ್ಲಿ ವಾದ ಹೂಡಿದರು. ಆ ಚರ್ಚೆ ಇನ್ನೂ ಬಗೆಹರಿದಿಲ್ಲ. ಹೆಸರು ಬದಲಾದರೆ ರೋಗಿ ಮತ್ತೆ ತಪಾಸಣೆಗೆ ಬರುವುದನ್ನೇ ಬಿಟ್ಟಾನು ಎಂಬುದು ಎದುರು ಪಕ್ಷದವರ ಅಂಜಿಕೆ. ಅದರಲ್ಲೂ ಹುರುಳಿದೆ.

ಬದುಕುಳಿದ ವರ್ಷಗಳ ಲೆಕ್ಕ

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಎರಡು ಅಂಶಗಳಿವೆ. ಇವನ್ನು ತರಗತಿಯಲ್ಲೂ ಚರ್ಚಿಸಬಹುದು.

ಮೊದಲನೆಯದು. ಇಬ್ಬರು ಪುರುಷರಲ್ಲಿ ಒಂದೇ ವೇಗದ ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುತ್ತಿದೆ ಎಂದಿಟ್ಟುಕೊಳ್ಳಿ. ಇಬ್ಬರೂ ಅದರಿಂದಲೇ 80ನೆಯ ವಯಸ್ಸಿಗೆ ಸಾಯುತ್ತಾರೆ. ಒಬ್ಬರಿಗೆ 76ರಲ್ಲಿ ಮೂಳೆನೋವು ಬಂದು ರೋಗ ತಿಳಿಯಿತು. ಇನ್ನೊಬ್ಬರಿಗೆ 68ರಲ್ಲೇ ರಕ್ತ ಪರೀಕ್ಷೆಯಿಂದ ತಿಳಿಯಿತು. ಮೊದಲನೆಯವರು ರೋಗ ತಿಳಿದ ಮೇಲೆ 4 ವರ್ಷ ಬದುಕಿದರು, ಎರಡನೆಯವರು 12 ವರ್ಷ. 'ಐದು ವರ್ಷ ಬದುಕುಳಿದವರು' ಎಂಬ ಪಟ್ಟಿಯಲ್ಲಿ ಮೊದಲನೆಯವರಿಗೆ ಜಾಗವಿಲ್ಲ, ಎರಡನೆಯವರಿಗೆ ಇದೆ. ಆದರೆ ಆಯುಸ್ಸು ಒಂದು ದಿನವೂ ಹೆಚ್ಚಲಿಲ್ಲ. ಹೆಚ್ಚಿದ್ದು ರೋಗಿಯೆಂಬ ಹೆಸರು ಹೊತ್ತು ಕಳೆದ ಅವಧಿ ಮಾತ್ರ. ಚಿಕಿತ್ಸೆ ಫಲಿಸಿತೆಂದು ತೋರಿಸಲು ಬದುಕುಳಿದ ವರ್ಷಗಳನ್ನು ಮುಂದೆ ಮಾಡುವವರನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕು.

ಎರಡನೆಯದು. ಒಂದು ಕಿಲೋಮೀಟರ್ ಉದ್ದದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದ ಬಸ್ಸುಗಳೂ 4 ಕಿ.ಮೀ. ವೇಗದ ಎತ್ತಿನ ಗಾಡಿಗಳೂ ಸಮ ಸಂಖ್ಯೆಯಲ್ಲಿ ಸಾಗುತ್ತಿವೆ. ಬಸ್ಸು ಒಂದೇ ನಿಮಿಷದಲ್ಲಿ ದಾಟಿಬಿಡುತ್ತದೆ, ಗಾಡಿಗೆ 15 ನಿಮಿಷ ಬೇಕು. ನೀವು ಯಾವುದೋ ಒಂದು ಕ್ಷಣದಲ್ಲಿ ಕಿಟಕಿ ತೆರೆದು ಇಣುಕಿದರೆ ಕಾಣುವುದು ಒಂದು ಬಸ್ಸಿಗೆ ಹದಿನೈದು ಗಾಡಿಗಳ ಪ್ರಮಾಣದಲ್ಲಿ. ವರ್ಷಕ್ಕೊಮ್ಮೆ ಮಾಡುವ ರಕ್ತ ಪರೀಕ್ಷೆಯೂ ಹೀಗೆ ಇಣುಕುವ ಕಿಟಕಿ. ಅದರ ಕಣ್ಣಿಗೆ ಹೆಚ್ಚಾಗಿ ಬೀಳುವುದು ನಿಧಾನವಾಗಿ ಬೆಳೆಯುವ ಗಂತಿಗಳೇ. ವೇಗದವು ಎರಡು ಪರೀಕ್ಷೆಗಳ ನಡುವಿನ ಬಿಡುವಿನಲ್ಲಿ ಹಾದುಹೋಗಬಲ್ಲವು.

ಈ ಎರಡು ಕಾರಣಗಳಿಂದ, ಚಿಕಿತ್ಸೆ ಪಡೆದವರು ಬಹುಕಾಲ ಬದುಕಿದರು ಎಂಬುದು ಚಿಕಿತ್ಸೆಯಿಂದಲೇ ಬದುಕಿದರು ಎನ್ನುವುದಕ್ಕೆ ಪುರಾವೆಯಾಗುವುದಿಲ್ಲ. ಪುರಾವೆ ಬೇಕಾದರೆ, ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಚಿಕಿತ್ಸೆ ಕೊಟ್ಟು ಇನ್ನೊಂದಕ್ಕೆ ಕೊಡದೆ, ಹತ್ತಾರು ವರ್ಷ ಕಾಯಬೇಕು.

ಚೀಟಿ ಎತ್ತಿದ ಪ್ರಯೋಗಗಳು

ಮೊದಲ ದಾರಿ ತೋರಿಸಿದ್ದು ಉತ್ತರ ಯೂರೋಪಿನ ದೇಶಗಳು. ಸ್ವೀಡನ್ನಿನ ಎರೆಬ್ರೂ ಪ್ರದೇಶದಲ್ಲಿ, ಗ್ರಂಥಿಯನ್ನು ಬಿಟ್ಟು ಹೊರಗೆ ಹರಡದ ಕ್ಯಾನ್ಸರ್ ಇದ್ದ 223 ಪುರುಷರಿಗೆ ಆರಂಭದಲ್ಲಿ ಯಾವ ಚಿಕಿತ್ಸೆಯನ್ನೂ ಕೊಡದೆ ಗಮನಿಸಲಾಯಿತು. ಸರಾಸರಿ 21 ವರ್ಷಗಳ ವೀಕ್ಷಣೆಯ ಫಲ 2004ರಲ್ಲಿ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಅವರಲ್ಲಿ ಬಹುಪಾಲು ಮಂದಿ ತೀರಿಕೊಂಡಿದ್ದರು, ಆದರೆ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು 35 ಮಂದಿ, ಅಂದರೆ ಶೇ. 16. ಇನ್ನೊಂದು ಸಂಗತಿಯೂ ಕಂಡುಬಂತು. ಮೊದಲ 15 ವರ್ಷ ಸೌಮ್ಯವಾಗಿದ್ದ ರೋಗ ಅನಂತರ ಕೆಲವರಲ್ಲಿ ಚುರುಕಾಯಿತು. 75ರ ವಯಸ್ಸಿನವರಿಗೆ ಈ ಹದಿನೈದು ವರ್ಷ ಎಂಬುದು ಸಾಕಷ್ಟು ದೊಡ್ಡ ರಕ್ಷಣೆ. 55ರವರಿಗೆ ಅಲ್ಲ.

ಸ್ವೀಡನ್, ಫಿನ್ಲೆಂಡ್, ಐಸ್‌ಲೆಂಡ್‌ಗಳಲ್ಲಿ 1989ರಿಂದ 1999ರವರೆಗೆ 695 ಪುರುಷರನ್ನು ಸೇರಿಸಿಕೊಂಡ ಪ್ರಯೋಗವೊಂದು ಕಾಯುವುದರ ವಿರುದ್ಧವೇ ಸಾಕ್ಷ್ಯ ನುಡಿಯಿತು. 29 ವರ್ಷಗಳ ಬಳಿಕ ನೋಡಿದಾಗ, ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡ 347 ಮಂದಿಯಲ್ಲಿ 71 ಜನ ಈ ಕ್ಯಾನ್ಸರಿನಿಂದ ಸತ್ತಿದ್ದರು. ಕಾದು ನೋಡಿದ 348 ಮಂದಿಯಲ್ಲಿ 110 ಜನ. ಶಸ್ತ್ರಚಿಕಿತ್ಸೆಯಿಂದ ಸರಾಸರಿ 2.9 ವರ್ಷ ಆಯುಸ್ಸು ಹೆಚ್ಚಿತು. ಆದರೆ ಇವರಲ್ಲಿ ಬಹುತೇಕರ ರೋಗ ಪಿಎಸ್‌ಎ ತಪಾಸಣೆಯಿಂದ ತಿಳಿದದ್ದಲ್ಲ. ಲಕ್ಷಣಗಳಿಂದಲೋ, ವೈದ್ಯರ ಬೆರಳಿಗೆ ಗಂಟು ಸಿಕ್ಕೋ ಪತ್ತೆಯಾದದ್ದು, ಅಂದರೆ ಸ್ವಲ್ಪ ಮುಂದುವರಿದದ್ದು. ರಕ್ತ ಪರೀಕ್ಷೆಯಿಂದ ಬಹಳ ಮೊದಲೇ ಪತ್ತೆಯಾದ ಕ್ಯಾನ್ಸರಿಗೂ ಇದೇ ಲೆಕ್ಕ ಹೊಂದುತ್ತದೆಯೆ?

ಈ ಪ್ರಶ್ನೆಗೆ ಅತ್ಯುತ್ತಮ ಉತ್ತರ ಕೊಟ್ಟದ್ದು ಬ್ರಿಟನ್ನಿನ 'ಪ್ರೊಟೆಕ್ಟ್' ಪ್ರಯೋಗ. ಡೇವಿಡ್ ನೀಲ್, ಆಕ್ಸ್‌ಫರ್ಡ್‌ನ ಫ್ರೆಡ್ಡಿ ಹಮ್ದಿ ಮತ್ತು ಬ್ರಿಸ್ಟಲ್‌ನ ಜೆನ್ನಿ ಡೊನೊವನ್ ಅದರ ಮುಂದಾಳುಗಳು. 1999ರಿಂದ 2009ರವರೆಗೆ 50ರಿಂದ 69 ವಯಸ್ಸಿನ 82,429 ಪುರುಷರು ಪಿಎಸ್‌ಎ ಪರೀಕ್ಷೆ ಮಾಡಿಸಿಕೊಂಡರು. ಗ್ರಂಥಿಯೊಳಗೇ ಇರುವ ಕ್ಯಾನ್ಸರ್ 2,664 ಮಂದಿಯಲ್ಲಿ ಸಿಕ್ಕಿತು. ಅವರಲ್ಲಿ 1,643 ಜನ ತಮ್ಮ ಚಿಕಿತ್ಸೆಯನ್ನು ಚೀಟಿಗೆ ಬಿಡಲು ಒಪ್ಪಿದರು: 553 ಮಂದಿಗೆ ಶಸ್ತ್ರಚಿಕಿತ್ಸೆ, 545 ಮಂದಿಗೆ ವಿಕಿರಣ, 545 ಮಂದಿಗೆ ನಿಗಾ.

ಒಪ್ಪಿಸುವುದು ಸುಲಭವಾಗಿರಲಿಲ್ಲ. ಆರಂಭದಲ್ಲಿ ಹತ್ತರಲ್ಲಿ ನಾಲ್ವರಷ್ಟೇ ಒಪ್ಪುತ್ತಿದ್ದರು. ಸಮಾಜಶಾಸ್ತ್ರಜ್ಞೆಯಾದ ಡೊನೊವನ್ ವೈದ್ಯರು-ರೋಗಿಗಳ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ಆಲಿಸಿದಾಗ ಕಾರಣ ಹೊಳೆಯಿತು. ವೈದ್ಯರು ಬಳಸುತ್ತಿದ್ದ 'ಎಚ್ಚರದಿಂದ ಕಾಯುವುದು' ಎಂಬ ಅರ್ಥದ ಮಾತು ರೋಗಿಗಳ ಕಿವಿಗೆ 'ನೀನು ಸಾಯುವುದನ್ನು ನೋಡುತ್ತ ಕೂರುತ್ತೇವೆ' ಎಂದು ಕೇಳಿಸುತ್ತಿತ್ತು! ಅದನ್ನು 'ಸಕ್ರಿಯ ನಿಗಾ' ಎಂದು ಬದಲಿಸಿ, ಮೂರೂ ಆಯ್ಕೆಗಳನ್ನು ಸಮತೂಕದಲ್ಲಿ ವಿವರಿಸತೊಡಗಿದ ಮೇಲೆ ಒಪ್ಪುವವರ ಪ್ರಮಾಣ ಶೇ. 70ಕ್ಕೆ ಏರಿತು. ಪದಗಳ ಆಯ್ಕೆಯನ್ನು ಹಗುರವಾಗಿ ಕಾಣುವ ವಿಜ್ಞಾನಿಗಳಿಗೆ ಇದೊಂದು ಒಳ್ಳೆಯ ಪಾಠ. ನಮ್ಮ ಆಸ್ಪತ್ರೆಗಳಲ್ಲೂ 'ಈಗೇನೂ ಮಾಡೋದು ಬೇಡ' ಎನ್ನುವುದಕ್ಕೂ 'ಈಗಿನಿಂದ ಇದರ ಮೇಲೆ ಕಣ್ಣಿಡೋಣ' ಎನ್ನುವುದಕ್ಕೂ ಇರುವ ಅಂತರ ಕಡಿಮೆಯದಲ್ಲ.

ಹದಿನೈದು ವರ್ಷಗಳ ಫಲಿತಾಂಶ 2023ರಲ್ಲಿ ಹೊರಬಂತು. 1,643 ಮಂದಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು 45 ಜನ. ನಿಗಾ ಗುಂಪಿನಲ್ಲಿ 17, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 12, ವಿಕಿರಣದ ಗುಂಪಿನಲ್ಲಿ 16. ಈ ವ್ಯತ್ಯಾಸ ಆಕಸ್ಮಿಕ ಏರುಪೇರಿನ ಮಿತಿಯೊಳಗೇ ಇದೆ. ಇದೇ ಅವಧಿಯಲ್ಲಿ ಯಾವುದೇ ಕಾರಣದಿಂದ ಸತ್ತವರು ಒಟ್ಟು 356. ಕ್ಯಾನ್ಸರ್ ಇದೆಯೆಂದು ತಿಳಿದಿದ್ದವರಲ್ಲೂ ಸಾವು ತಂದದ್ದು ಎಂಟರಲ್ಲಿ ಏಳು ಪಾಲು ಬೇರೆ ಕಾರಣಗಳು ಎಂದಾಯಿತು.

ಆದರೆ ಫಲಿತಾಂಶದ ಇನ್ನೊಂದು ಸಾಲನ್ನು ಮರೆಮಾಚುವಂತಿಲ್ಲ. ಕ್ಯಾನ್ಸರ್ ದೂರದ ಅಂಗಗಳಿಗೆ ಹರಡಿದ್ದು ನಿಗಾ ಗುಂಪಿನಲ್ಲಿ 51 ಮಂದಿಗೆ, ಶಸ್ತ್ರಚಿಕಿತ್ಸೆಯವರಲ್ಲಿ 26, ವಿಕಿರಣದವರಲ್ಲಿ 27. ಹೆಚ್ಚುಕಡಿಮೆ ಇಮ್ಮಡಿ. ಅದು ಸಾವಿನ ಲೆಕ್ಕದಲ್ಲಿ ಇನ್ನೂ ಕಾಣದಿದ್ದರೂ ಹರಡಿದ ರೋಗದ ಚಿಕಿತ್ಸೆ ಹಗುರವಾದದ್ದಲ್ಲ. ಜತೆಗೆ ನಿಗಾ ಗುಂಪಿನವರೆಲ್ಲ ಕೊನೆಯವರೆಗೂ ಹಾಗೇ ಉಳಿಯಲಿಲ್ಲ. ಶೇ. 61ರಷ್ಟು ಮಂದಿ 15 ವರ್ಷಗಳೊಳಗೆ ಶಸ್ತ್ರಚಿಕಿತ್ಸೆಗೋ ವಿಕಿರಣಕ್ಕೋ ಹೋದರು. ಯಾವ ಚಿಕಿತ್ಸೆಯೂ ಇಲ್ಲದೆ ಬದುಕಿದ್ದವರು 133 ಮಂದಿ, ಅಂದರೆ ನಾಲ್ವರಲ್ಲಿ ಒಬ್ಬರು. ಇದರಲ್ಲಿ ಭಾಗವಹಿಸಿದವರು ಬಹುತೇಕ ಬಿಳಿಯರು ಎಂಬುದನ್ನೂ, ಆಗಿನ ನಿಗಾ ಪಿಎಸ್‌ಎ ಒಂದನ್ನೇ ನೆಚ್ಚಿತ್ತು ಎಂಬುದನ್ನೂ ನೆನಪಿಡಬೇಕು.

ಚಿಕಿತ್ಸೆಯ ಬೆಲೆ

ಇಷ್ಟು ಸೂಕ್ಷ್ಮವಾಗಿ ತೂಗಬೇಕಾದದ್ದು ಏಕೆಂದರೆ ಚಿಕಿತ್ಸೆ ಬಿಟ್ಟಿ ಬರುವುದಿಲ್ಲ. ನಾನು ಹೇಳುತ್ತಿರುವುದು ಹಣದ ಮಾತಲ್ಲ. ಮೂತ್ರವನ್ನು ತಡೆಹಿಡಿಯುವ ಸ್ನಾಯು ಈ ಗ್ರಂಥಿಗೆ ತಾಗಿಕೊಂಡಿದೆ. ಶಿಶ್ನದ ನಿಮಿರುವಿಕೆಯನ್ನು ನಿಯಂತ್ರಿಸುವ ನರಗಳು ಅದರ ಇಕ್ಕೆಲದಲ್ಲಿ ಅಂಟಿದಂತೆ ಸಾಗುತ್ತವೆ. ಹಿಂದೆ ಗುದನಾಳ. 1982ರಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಶ್ ಆ ನರಗಳನ್ನು ಉಳಿಸಿಕೊಂಡು ಶಸ್ತ್ರಕ್ರಿಯೆ ಮಾಡುವ ಕ್ರಮವನ್ನು ರೂಢಿಗೆ ತಂದರು. ಈಗ ರೋಬಾಟ್ ನೆರವೂ ಬಂದಿದೆ. ಆದರೂ ಅಂಗರಚನೆಯೇ ಒಡ್ಡಿರುವ ತೊಡಕು ಪೂರ್ತಿ ನಿವಾರಣೆಯಾಗಿಲ್ಲ.

ಪ್ರೊಟೆಕ್ಟ್ ಪ್ರಯೋಗದಲ್ಲಿ ರೋಗಿಗಳೇ ತುಂಬಿಕೊಟ್ಟ ಪ್ರಶ್ನಾವಳಿಗಳು ಇದನ್ನು ಅಂಕಿಗಳಲ್ಲಿ ಹೇಳುತ್ತವೆ. ಶಸ್ತ್ರಚಿಕಿತ್ಸೆಯಾದ ಆರು ತಿಂಗಳಿಗೆ ಶೇ. 46 ಮಂದಿ ಮೂತ್ರ ಸೋರಿಕೆಗಾಗಿ ಪ್ಯಾಡ್ ಬಳಸುತ್ತಿದ್ದರು. ಆರು ವರ್ಷಗಳ ಮೇಲೂ ಶೇ. 17. ನಿಗಾ ಗುಂಪಿನಲ್ಲಿ ಇದು ಶೇ. 4 ಮತ್ತು ಶೇ. 8. ಚಿಕಿತ್ಸೆಗೆ ಮೊದಲು ಶೇ. 67 ಮಂದಿಗೆ ಸಂಭೋಗಕ್ಕೆ ಸಾಕಾಗುವ ನಿಮಿರುವಿಕೆ ಇತ್ತು. ಆರು ತಿಂಗಳ ಬಳಿಕ ಅದು ನಿಗಾ ಗುಂಪಿನಲ್ಲಿ ಶೇ. 52ಕ್ಕೆ, ವಿಕಿರಣದವರಲ್ಲಿ ಶೇ. 22ಕ್ಕೆ, ಶಸ್ತ್ರಚಿಕಿತ್ಸೆಯವರಲ್ಲಿ ಶೇ. 12ಕ್ಕೆ ಇಳಿಯಿತು. ವಿಕಿರಣ ಪಡೆದವರಲ್ಲಿ ಕೆಲವರಿಗೆ ಮಲದಲ್ಲಿ ರಕ್ತ ಹೋಗುವ ತೊಂದರೆಯೂ ಕಾಡಿತು. ಇಂಥ ಸಂಗತಿಗಳನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡುವುದಿಲ್ಲ. ಮಗ ಕೇಳಲಾರ, ಅಪ್ಪ ಹೇಳಲಾರ. ಆದ್ದರಿಂದ ಶಸ್ತ್ರಚಿಕಿತ್ಸೆ ಬೇಕೆ ಬೇಡವೆ ಎಂಬ ನಿರ್ಧಾರ ಹಲವು ಬಾರಿ ಅರ್ಧ ಮಾಹಿತಿಯ ಮೇಲೆಯೇ ಆಗಿಹೋಗುತ್ತದೆ. ವೈದ್ಯರು ರೋಗಿಯೊಬ್ಬರನ್ನೇ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿದರೆ ಇದು ತಪ್ಪುತ್ತದೆ.

ಎರಡು ಬಗೆಯ ಕಾಯುವಿಕೆ

ಕಾಯುವುದರಲ್ಲಿ ಎರಡು ವಿಧಗಳಿವೆ. ಇವನ್ನು ಒಂದೆಂದು ತಿಳಿಯುವುದರಿಂದ ಬಹಳ ಗೊಂದಲವಾಗುತ್ತದೆ.

ಒಂದು, ಸಕ್ರಿಯ ನಿಗಾ. ಕೆನಡಾದ ಟೊರಾಂಟೊದಲ್ಲಿ ಲಾರೆನ್ಸ್ ಕ್ಲಾಟ್ಜ್ 1995ರಲ್ಲಿ ಇದನ್ನು ಕ್ರಮಬದ್ಧವಾಗಿ ಆರಂಭಿಸಿದರು. ಇಲ್ಲಿ ಗುರಿ ರೋಗವನ್ನು ಗುಣಪಡಿಸುವುದೇ, ಆದರೆ ಅಗತ್ಯ ಬಿದ್ದಾಗ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ವರ್ಷಕ್ಕೊಮ್ಮೆ ಗುದದ್ವಾರದ ಮೂಲಕ ಬೆರಳಿನ ಪರೀಕ್ಷೆ, ಮೊದಲ ವರ್ಷದೊಳಗೆ ಎಂಆರ್‌ಐ ಮತ್ತು ಮತ್ತೊಮ್ಮೆ ಅಂಗಾಂಶ ಪರೀಕ್ಷೆ, ಅನಂತರ ಕೆಲವು ವರ್ಷಗಳಿಗೊಮ್ಮೆ - ಸ್ಥೂಲವಾಗಿ ಇದು ಕ್ರಮ. ಗ್ಲೀಸನ್ ದರ್ಜೆ ಏರಿದರೆ ಚಿಕಿತ್ಸೆ. ಕ್ಲಾಟ್ಜ್ ತಂಡ 993 ರೋಗಿಗಳ ವಿವರವನ್ನು 2015ರಲ್ಲಿ ಪ್ರಕಟಿಸಿದಾಗ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು 15 ಮಂದಿ. ಹತ್ತು ವರ್ಷಗಳ ಕೊನೆಗೆ ಸುಮಾರು ಶೇ. 64 ಮಂದಿ ಚಿಕಿತ್ಸೆಯಿಲ್ಲದೆ ನಿಗಾದಲ್ಲೇ ಇದ್ದರು.

ಅಂಗಾಂಶ ಪರೀಕ್ಷೆಯನ್ನು ಮತ್ತೆ ಮಾಡುವುದೇಕೆ? ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸೂಜಿಯಿಂದ ಹೊರಬರುವ ಅಂಗಾಂಶದ ಎಳೆ ಸುಮಾರು 1 ಮಿಲಿಮೀಟರ್ ವ್ಯಾಸದ್ದು, 15 ಮಿಲಿಮೀಟರ್ ಉದ್ದದ್ದು. ಅದರ ಗಾತ್ರ ಸುಮಾರು 12 ಘನ ಮಿಲಿಮೀಟರ್. ಹನ್ನೆರಡು ಎಳೆ ತೆಗೆದರೂ 0.14 ಮಿಲಿಲೀಟರ್. ಊದಿಕೊಂಡ ಗ್ರಂಥಿಯ ಗಾತ್ರ 40 ಮಿಲಿಲೀಟರ್ ಇದ್ದರೆ ನಾವು ನೋಡಿದ್ದು ಅದರ ಸಾವಿರದಲ್ಲಿ ನಾಲ್ಕು ಪಾಲನ್ನೂ ಅಲ್ಲ. ಪಕ್ಕದಲ್ಲೇ ಉಗ್ರ ಗಂತಿ ಇದ್ದು ಸೂಜಿಗೆ ತಪ್ಪಿಸಿಕೊಂಡಿರಬಹುದು. ಈ ಕುರುಡುತನವನ್ನು ಬಹಳಷ್ಟು ಕಡಿಮೆ ಮಾಡಿದ್ದು ಎಂಆರ್‌ಐ. 2017 ಮತ್ತು 2018ರಲ್ಲಿ ಪ್ರಕಟವಾದ ಎರಡು ಪ್ರಮುಖ ಅಧ್ಯಯನಗಳ ನಂತರ, ಮೊದಲು ಚಿತ್ರ ತೆಗೆದು ಸಂಶಯದ ಜಾಗಕ್ಕೇ ಸೂಜಿ ಹಾಕುವ ಕ್ರಮ ಹಲವೆಡೆ ರೂಢಿಗೆ ಬಂದಿದೆ. ಅಮೆರಿಕದಲ್ಲಿ ಕಡಿಮೆ ಅಪಾಯದ ರೋಗಿಗಳ ಪೈಕಿ ನಿಗಾವನ್ನು ಆಯ್ದುಕೊಂಡವರು 2014ರಲ್ಲಿ ಶೇ. 27ರಷ್ಟಿದ್ದವರು 2021ರ ಹೊತ್ತಿಗೆ ಶೇ. 60 ಆದರು. ಸ್ವೀಡನ್ನಿನಲ್ಲಿ, ಅತಿ ಕಡಿಮೆ ಅಪಾಯದವರ ಮಟ್ಟಿಗೆ, 2014ರಲ್ಲೇ ಶೇ. 90 ದಾಟಿತ್ತು.

ಎರಡನೆಯದು, ಕಾದು ನೋಡುವುದು. ಇದು ಹೆಚ್ಚು ವಯಸ್ಸಾದವರಿಗೆ ಅಥವಾ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ತೀವ್ರ ತೊಂದರೆ ಇರುವವರಿಗೆ. ಉಳಿದ ಆಯುಸ್ಸು ಹತ್ತು ವರ್ಷಕ್ಕಿಂತ ಕಡಿಮೆ ಎನ್ನಿಸಿದಾಗ ವೈದ್ಯರು ಇದನ್ನು ಸೂಚಿಸುತ್ತಾರೆ. ಮತ್ತೆ ಮತ್ತೆ ಸೂಜಿ ಚುಚ್ಚುವುದಿಲ್ಲ. ರೋಗ ತೊಂದರೆ ಕೊಟ್ಟಾಗ ಆ ತೊಂದರೆಗಷ್ಟೇ ಚಿಕಿತ್ಸೆ. ಅದು ಸಾಮಾನ್ಯವಾಗಿ ಹಾರ್ಮೋನು ತಡೆಯುವುದು. ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನನ್ನು ಆಧರಿಸಿ ಬೆಳೆಯುತ್ತದೆಂದು, ವೃಷಣಗಳನ್ನು ತೆಗೆದರೆ ಹರಡಿದ ರೋಗವೂ ಕುಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದ್ದರು. ಅದಕ್ಕಾಗಿ ಅವರಿಗೆ 1966ರಲ್ಲಿ ನೊಬೆಲ್ ಬಹುಮಾನ ಸಂದಿತು. ಈಗ ಅದೇ ಕೆಲಸವನ್ನು ಚುಚ್ಚುಮದ್ದುಗಳು ಮಾಡುತ್ತವೆ. ಆದರೆ ಅವು ಮೂಳೆಗಳನ್ನು ಟೊಳ್ಳಾಗಿಸುತ್ತವೆ, ಸ್ನಾಯುಗಳನ್ನು ಸೊರಗಿಸುತ್ತವೆ. ಬೇಕಾಗುವ ಮೊದಲೇ ಶುರುಮಾಡದಿರಲು ಇದೂ ಒಂದು ಕಾರಣ.

ವಯಸ್ಸಷ್ಟೇ ನಿರ್ಣಾಯಕ ಎಂದು ತಿಳಿಯಬಾರದು. ದಿನಕ್ಕೆ ಐದು ಕಿಲೋಮೀಟರ್ ನಡೆಯುವ 74ರವರೊಬ್ಬರಿಗೆ ಗ್ಲೀಸನ್ 8 ಬಂದರೆ ಕಾಯುವ ಮಾತು ಬರುವುದಿಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ 2025ರ ಮೇ ತಿಂಗಳಲ್ಲಿ, 82ನೆಯ ವಯಸ್ಸಿನಲ್ಲಿ, ಪತ್ತೆಯಾದದ್ದು ಗ್ಲೀಸನ್ 9ರ, ಮೂಳೆಗೆ ಹರಡಿದ ಕ್ಯಾನ್ಸರ್. ಹೊಸದಾಗಿ ಕಾಣಿಸಿಕೊಂಡು ಬಿಡದೆ ಕಾಡುವ ಬೆನ್ನುಮೂಳೆಯ ನೋವು, ಕಾಲುಗಳಲ್ಲಿ ಶಕ್ತಿ ಕುಂದುವುದು, ಮೂತ್ರ ಕಟ್ಟುವುದು ಇವುಗಳಿಗೆ ಆರು ತಿಂಗಳ ಸರದಿಯನ್ನು ಕಾಯಬಾರದು. ಕಾಲು ಸೋಲತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಮ್ಮಲ್ಲಿ

ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಪ್ರಮಾಣ ಕಡಿಮೆಯಾದರೂ ಮಹಾನಗರಗಳಲ್ಲಿ ಅದು ಪುರುಷರ ಪ್ರಮುಖ ಕ್ಯಾನ್ಸರ್‌ಗಳಲ್ಲಿ ಒಂದಾಗಿದೆ. ನಮ್ಮ ಕಷ್ಟ ಎರಡು ತುದಿಗಳದ್ದು. ಹಳ್ಳಿಗಾಡಿನ ಅನೇಕರು ಆಸ್ಪತ್ರೆ ತಲುಪುವುದು ರೋಗ ಮೂಳೆಗೆ ಇಳಿದ ಮೇಲೆ. ಅವರ ವಿಷಯದಲ್ಲಿ ನಿಗಾದ ಪ್ರಶ್ನೆಯೇ ಇಲ್ಲ. ನಗರಗಳಲ್ಲಾದರೋ 'ಸಂಪೂರ್ಣ ಆರೋಗ್ಯ ತಪಾಸಣೆ'ಯ ಪಟ್ಟಿಯೊಳಗೆ ಪಿಎಸ್‌ಎ ಸೇರಿಕೊಂಡಿರುತ್ತದೆ. ರಕ್ತ ಕೊಟ್ಟವರಿಗೆ ಅದೇನೆಂದು ಯಾರೂ ಹೇಳಿರುವುದಿಲ್ಲ. ಎಪ್ಪತ್ತು ದಾಟಿದ, ಯಾವ ಲಕ್ಷಣವೂ ಇಲ್ಲದವರಿಗೆ ಈ ತಪಾಸಣೆ ಬೇಡವೆಂದು ಅಮೆರಿಕದ ತಜ್ಞ ಸಮಿತಿ 2018ರಲ್ಲಿ ಸಲಹೆ ಮಾಡಿತ್ತು. 55ರಿಂದ 69ರವರಿಗೆ ಸಾಧಕಬಾಧಕ ತಿಳಿದು ಅವರವರೇ ನಿರ್ಧರಿಸಲಿ ಎಂದಿತ್ತು. ತಪಾಸಣೆಯಿಂದ ಲಾಭವೇ ಇಲ್ಲವೆಂದೂ ಅಲ್ಲ. ಯೂರೋಪಿನ ದೊಡ್ಡ ಅಧ್ಯಯನದ 23 ವರ್ಷಗಳ ವರದಿಯಲ್ಲಿ (2025) ತಪಾಸಣೆಗೆ ಕರೆಯಲ್ಪಟ್ಟವರ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 13ರಷ್ಟು ಕಡಿಮೆಯಿತ್ತು. ಕರೆದ 456 ಮಂದಿಗೆ ಒಂದು ಸಾವು ತಪ್ಪಿದಂತಾಯಿತು.

ನಿಗಾ ನಡೆಯಬೇಕಾದರೆ ರೋಗಿ ತಪ್ಪದೆ ಬರಬೇಕು. ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಿ ಬರಬೇಕಾದವರು, ನೋವಿಲ್ಲದಿದ್ದಾಗ ಎರಡು ಸರದಿ ತಪ್ಪಿಸುವುದು ಅಸಹಜವಲ್ಲ. ಎಂಆರ್‌ಐ ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕರೂ ಪ್ರಾಸ್ಟೇಟಿನ ಚಿತ್ರವನ್ನು ಓದಬಲ್ಲವರು ಎಲ್ಲ ಕಡೆ ಇಲ್ಲ. ಹೀಗಾಗಿ ಬರುವುದು ಸಾಧ್ಯವೇ ಇಲ್ಲ ಎನ್ನುವ ರೋಗಿಗೆ ಚಿಕಿತ್ಸೆಯನ್ನೇ ಸೂಚಿಸುವ ವೈದ್ಯರನ್ನು ದೂರುವಂತಿಲ್ಲ. ಬರಬಲ್ಲವರು ಕೆಲವು ಸಣ್ಣ ಸಂಗತಿಗಳನ್ನು ಗಮನಿಸಬೇಕು. ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಏಕೆಂದರೆ ಬೇರೆ ಬೇರೆ ಯಂತ್ರಗಳ ಅಂಕಿಗಳು ಒಂದಕ್ಕೊಂದು ತಾಳೆಯಾಗದಿರಬಹುದು. ಮೂತ್ರದ ಸೋಂಕು ಇರುವಾಗ ಬೇಡ. ಒಮ್ಮೆ ಏರಿದ ಅಂಕಿಗೆ ಹೆದರಬೇಡಿ, ಕೆಲವು ವಾರ ಬಿಟ್ಟು ಮತ್ತೆ ನೋಡಿಸಿ. ಅಂಗಾಂಶ ಪರೀಕ್ಷೆಯ ವರದಿಯನ್ನೂ ಹಳೆಯ ಪಿಎಸ್‌ಎ ಚೀಟಿಗಳನ್ನೂ ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಇಟ್ಟುಕೊಳ್ಳಿ. ಗ್ರಂಥಿಯ ಊತಕ್ಕೆ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಕೆಲವು ತಿಂಗಳು ಸೇವಿಸಿದ ಮೇಲೆ ಈ ಮಾತ್ರೆಗಳು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಅಂಥವರ ಚೀಟಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದೇ ಓದಬೇಕು.